ಅಪ್ಪ ಅಮ್ಮನ ಜೊತೆ ಯುರೋಪಿಗೆ: ಟ್ರಾವೆಲ್ ಇನ್ಶೂರೆನ್ಸ್ ಆರಿಸುವ ಬಗೆ

ಯುರೋಪಿಗೆ ಹೊರಟವರ ವೀಸಾ ಫೈಲಿನಲ್ಲಿ ಟಿಕೆಟ್, ಹೋಟೆಲ್ ಬುಕಿಂಗ್, ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ಒಂದು ಇನ್ಶೂರೆನ್ಸ್ ಕಾಗದವೂ ಇರುತ್ತದೆ. ಮಿಕ್ಕ ಕಾಗದಗಳನ್ನು ಮನೆಯವರೆಲ್ಲ ಸೇರಿ ಎರಡೆರಡು ಸಲ ನೋಡಿರುತ್ತಾರೆ. ಇದೊಂದನ್ನು ಮಾತ್ರ ಯಾರೂ ಓದಿರುವುದಿಲ್ಲ. "ಇನ್ಶೂರೆನ್ಸ್ ನಾವೇ ಹಾಕಿಬಿಡ್ತೀವಿ ಸಾರ್, ವೀಸಾಗೆ ಅಷ್ಟು ಸಾಕು" ಅಂತ ಟ್ರಾವೆಲ್ ಏಜೆಂಟ್ ಹೇಳಿರುತ್ತಾರೆ. ನಾವೂ ಹೂಂ ಅಂದಿರುತ್ತೇವೆ. ವೀಸಾಗೆ ಅಷ್ಟು ಸಾಕು ಅನ್ನುವುದು ನಿಜವೇ. ಆದರೆ ಪ್ಯಾರಿಸ್‌ನಲ್ಲಿ ಅಪ್ಪನಿಗೆ ಎದೆನೋವು ಬಂದರೆ ಅಷ್ಟು ಸಾಲುತ್ತದಾ? ಅದು ಬೇರೆಯೇ ಪ್ರಶ್ನೆ.

ಮಾತು ಗಾಳಿಯಲ್ಲಿ ತೇಲದಿರಲಿ ಅಂತ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಮೈಸೂರಿನ ಗಂಡ ಹೆಂಡತಿ, ಇಬ್ಬರಿಗೂ ನಲವತ್ತರ ಆಸುಪಾಸು. ಹತ್ತು ವರ್ಷದ ಮಗಳು. ಜೊತೆಗೆ ಗಂಡನ ಅಪ್ಪ, 68 ವರ್ಷ, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು. ಅಮ್ಮನಿಗೆ 64, ಬಿಪಿ ಮತ್ತು ಶುಗರ್ ಎರಡೂ ಇದೆ. ಮೇ ತಿಂಗಳ ರಜೆಯಲ್ಲಿ ಫ್ರಾನ್ಸ್, ಸ್ವಿಟ್ಜರ್ಲೆಂಡ್, ಇಟಲಿ, ಒಟ್ಟು ಹನ್ನೆರಡು ದಿನ. ಇಂಥವರು ಇನ್ಶೂರೆನ್ಸ್ ಹೇಗೆ ಆರಿಸಬೇಕು ಅಂತ ಒಂದೊಂದೇ ಹೆಜ್ಜೆ ನೋಡೋಣ. ನೀವು ಥಾಯ್ಲೆಂಡಿಗೋ ದುಬೈಗೋ ಹೊರಟಿದ್ದರೂ ಕ್ರಮ ಇದೇ, ಅಂಕಿಗಳು ಮಾತ್ರ ಬದಲಾಗುತ್ತವೆ.

ಮೊದಲು ಈಗಿರುವುದನ್ನು ನೋಡಿ

ಮನೆಯಲ್ಲಿ ಈಗಾಗಲೇ ಒಂದು ಹೆಲ್ತ್ ಇನ್ಶೂರೆನ್ಸ್ ಇರಬಹುದು. ನಮ್ಮ ಸಾಮಾನ್ಯ ಹೆಲ್ತ್ ಪಾಲಿಸಿಗಳಲ್ಲಿ ಬಹುಪಾಲು ಭಾರತದೊಳಗಿನ ಆಸ್ಪತ್ರೆಗಳಿಗೆ ಮಾತ್ರ. ಕೆಲವು ದುಬಾರಿ ಪಾಲಿಸಿಗಳಲ್ಲಿ ವಿದೇಶದ ಚಿಕಿತ್ಸೆಯೂ ಸೇರಿರುತ್ತದೆ, ಆದರೆ ಷರತ್ತುಗಳು ಜಾಸ್ತಿ. ಕಂಪನಿಗೆ ಒಂದು ಇಮೇಲ್ ಹಾಕಿ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ.

ಕ್ರೆಡಿಟ್ ಕಾರ್ಡಿನಲ್ಲಿ ಉಚಿತ ಇನ್ಶೂರೆನ್ಸ್ ಇದೆ ಅನ್ನುವವರೂ ಇದ್ದಾರೆ. ಇರುತ್ತದೆ, ಇಲ್ಲ ಅಂತಲ್ಲ. ಆದರೆ ಸಾಮಾನ್ಯವಾಗಿ ಅದು ವಿಮಾನ ಅಪಘಾತಕ್ಕೆ. ಅದೂ ಟಿಕೆಟನ್ನು ಆ ಕಾರ್ಡಿನಲ್ಲೇ ಕೊಂಡಿದ್ದರೆ, ಕಾರ್ಡ್ ಇರುವವರ ಹೆಸರಿಗೆ ಮಾತ್ರ. ಅಪ್ಪನ ಆಸ್ಪತ್ರೆ ಬಿಲ್ಲಿಗೆ ಅದರಿಂದ ಏನೂ ಆಗುವುದಿಲ್ಲ.

ಟೂರ್ ಕಂಪನಿಯ ಪ್ಯಾಕೇಜಿನಲ್ಲಿ ಹೋಗುವವರು ಇನ್ನೊಂದು ವಿಷಯ ಕೇಳಬೇಕು. ಪ್ಯಾಕೇಜಿನ ಬೆಲೆಯಲ್ಲಿ ಸೇರಿರುವ ಇನ್ಶೂರೆನ್ಸ್ ಎಷ್ಟು ವಯಸ್ಸಿನವರೆಗೆ? ಬಹಳ ಕಡೆ ಅರವತ್ತರ ಹತ್ತಿರ ಒಂದು ಗೆರೆ ಎಳೆದಿರುತ್ತಾರೆ. ಅದರ ಮೇಲಿನವರಿಗೆ ಬೇರೆ ಪಾಲಿಸಿ ಅಥವಾ ಹೆಚ್ಚುವರಿ ಹಣ. ಪಾಲಿಸಿಯ ಪೂರ್ತಿ ಕಾಗದ ಕಳಿಸಿ ಅಂತ ಕೇಳಿ. ಬರೀ ಸರ್ಟಿಫಿಕೇಟಿನ ಒಂದು ಪುಟ ಸಾಲದು.

ದಿನಾಂಕ ಮತ್ತು ದೇಶ

ಇದು ಸಣ್ಣ ವಿಷಯ ಅನ್ನಿಸುತ್ತದೆ, ಆದರೆ ಎಡವುವವರು ಇಲ್ಲೇ ಜಾಸ್ತಿ. ಬೆಂಗಳೂರಿನಿಂದ ಯುರೋಪಿನ ಕಡೆ ಹೋಗುವ ಎಷ್ಟೋ ವಿಮಾನಗಳು ನಡುರಾತ್ರಿಯ ನಂತರ ಹೊರಡುತ್ತವೆ. ಟಿಕೆಟಿನಲ್ಲಿ ಮೇ 10, ಬೆಳಗಿನ ಜಾವ 2.30 ಅಂತಿದ್ದರೆ ನೀವು ಮನೆ ಬಿಡುವುದು 9ನೇ ತಾರೀಖು. ಪಾಲಿಸಿಯನ್ನು 9ರಿಂದಲೇ ಶುರು ಮಾಡಿ. ವಾಪಸಾಗುವಾಗಲೂ ಅಷ್ಟೇ. ರೋಮ್‌ನಲ್ಲಿ ಸಂಜೆ ಹತ್ತಿದವರು ಬೆಂಗಳೂರಿನಲ್ಲಿ ಇಳಿಯುವುದು ಮಾರನೆಯ ದಿನ. ಅದರ ಮೇಲೆ ಎರಡು ಮೂರು ದಿನ ಹೆಚ್ಚಿಗೆ ಹಾಕಿಸಿ. ವಿಮಾನ ರದ್ದಾಗಿ ಅಲ್ಲೇ ಉಳಿದರೆ ಅನುಕೂಲ. ಅದಕ್ಕೆ ಬೀಳುವ ಹೆಚ್ಚುವರಿ ಪ್ರೀಮಿಯಂ ತೀರಾ ಕಡಿಮೆ.

ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಗುಂಪಿಗೆ ಷೆಂಗೆನ್ ವಲಯ ಅನ್ನುತ್ತಾರೆ, ಅದರಲ್ಲಿ ಈಗ 29 ದೇಶಗಳಿವೆ. ಸ್ವಿಟ್ಜರ್ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲದಿದ್ದರೂ ಷೆಂಗೆನ್‌ನಲ್ಲಿ ಇದೆ. ಬ್ರಿಟನ್ ಮತ್ತು ಐರ್ಲೆಂಡ್ ಇಲ್ಲ. "ಹೇಗೂ ಅಷ್ಟು ದೂರ ಹೋಗ್ತೀವಲ್ಲ, ಲಂಡನ್ನೂ ನೋಡ್ಕೊಂಡು ಬರೋಣ" ಅನ್ನುವವರು ಬರೀ ಷೆಂಗೆನ್ ಪಾಲಿಸಿ ಕೊಂಡರೆ ಲಂಡನ್ನಿನ ದಿನಗಳಿಗೆ ರಕ್ಷಣೆ ಇರುವುದಿಲ್ಲ. ಹಾಗೆಯೇ ಪಾಲಿಸಿಗಳಲ್ಲಿ ಅಮೆರಿಕ ಮತ್ತು ಕೆನಡಾ ಬಿಟ್ಟು ಇಡೀ ಜಗತ್ತು, ಅವೆರಡೂ ಸೇರಿದಂತೆ ಇಡೀ ಜಗತ್ತು ಅಂತ ಎರಡು ಬಗೆ ಇರುತ್ತವೆ. ಅಮೆರಿಕದ ಆಸ್ಪತ್ರೆ ಖರ್ಚು ಅಷ್ಟು ಜಾಸ್ತಿ ಇರುವುದರಿಂದಲೇ ಈ ವಿಂಗಡಣೆ. ಏಷ್ಯಾ ಪಾಲಿಸಿಗಳಲ್ಲೂ ಕೆಲವು ಜಪಾನನ್ನು ಹೊರಗಿಡುತ್ತವೆ. ಟ್ರಾನ್ಸಿಟ್‌ನಲ್ಲಿ ಒಂದು ದಿನ ದುಬೈ ಅಥವಾ ದೋಹಾದಲ್ಲಿ ಹೊರಗೆ ಸುತ್ತುವ ಯೋಚನೆ ಇದ್ದರೆ ಆ ದೇಶವೂ ಪಟ್ಟಿಯಲ್ಲಿರಲಿ.

ಎಷ್ಟು ಮೊತ್ತಕ್ಕೆ?

ಷೆಂಗೆನ್ ವೀಸಾಗೆ ಕನಿಷ್ಠ 30,000 ಯುರೋ ವೈದ್ಯಕೀಯ ರಕ್ಷಣೆ ಬೇಕು. ತುರ್ತು ಚಿಕಿತ್ಸೆ, ಆಸ್ಪತ್ರೆ ವಾಸ, ಕಾಯಿಲೆ ಬಿದ್ದವರನ್ನು ಊರಿಗೆ ವಾಪಸ್ ಕಳಿಸುವ ಖರ್ಚು, ಸಾವು ಸಂಭವಿಸಿದರೆ ಅದರ ಖರ್ಚು ಎಲ್ಲ ಅದರಲ್ಲಿ ಸೇರಿರಬೇಕು. ಈ ಮೊತ್ತ 2004ರಲ್ಲಿ ಜಾರಿಗೆ ಬಂದದ್ದು. ಇಪ್ಪತ್ತು ವರ್ಷ ಕಳೆದರೂ ಅಷ್ಟೇ ಇದೆ. ಆಸ್ಪತ್ರೆಗಳ ದರ ಹಾಗೆ ನಿಂತಿಲ್ಲ.

ಹಾಗಾಗಿ 30,000 ಯುರೋವನ್ನು ಬಾಗಿಲು ದಾಟುವ ಟಿಕೆಟ್ ಅಂತ ಮಾತ್ರ ನೋಡಿ. ನಮ್ಮ ಮೈಸೂರಿನ ಕುಟುಂಬಕ್ಕೆ ನಾನಾದರೆ ಕನಿಷ್ಠ ಒಂದು ಲಕ್ಷ ಡಾಲರ್ ಅನ್ನುತ್ತೇನೆ. ಅಪ್ಪನಿಗೆ ಅದಕ್ಕಿಂತ ಜಾಸ್ತಿ ಸಿಕ್ಕರೆ ಒಳ್ಳೆಯದು. ಕಾರಣ ಚಿಕಿತ್ಸೆಯೊಂದೇ ಅಲ್ಲ. ಮಲಗಿದ್ದ ಸ್ಥಿತಿಯಲ್ಲೇ ಊರಿಗೆ ಕರೆತರಬೇಕಾದರೆ ಸಾಮಾನ್ಯ ವಿಮಾನದಲ್ಲೇ ಹಲವು ಸೀಟುಗಳ ಜಾಗದಲ್ಲಿ ಸ್ಟ್ರೆಚರ್ ಕಟ್ಟುತ್ತಾರೆ. ಅಷ್ಟೂ ಸೀಟಿನ ಹಣ, ಜೊತೆಗೆ ಬರುವ ಡಾಕ್ಟರ್ ಅಥವಾ ನರ್ಸ್ ಖರ್ಚು, ಎರಡೂ ಕಡೆ ಆಂಬುಲೆನ್ಸ್. ಸ್ವಿಟ್ಜರ್ಲೆಂಡಿನ ಬೆಟ್ಟದ ಮೇಲೆ ಜಾರಿ ಬಿದ್ದು ರೇಗಾ ಸಂಸ್ಥೆಯ ಹೆಲಿಕಾಪ್ಟರ್ ಬಂದು ಎತ್ತಿಕೊಂಡು ಹೋದರೆ ಅದರ ಬಿಲ್ಲೂ ಪ್ರವಾಸಿಗರ ಹೆಸರಿಗೇ ಬರುತ್ತದೆ.

ಮಗಳಿಗೂ ಗಂಡ ಹೆಂಡತಿಗೂ ಒಂದು ಫ್ಯಾಮಿಲಿ ಪಾಲಿಸಿ, ಹಿರಿಯರಿಬ್ಬರಿಗೂ ಬೇರೆ ಬೇರೆ ಪಾಲಿಸಿ. ಇದು ನನಗೆ ಸರಿ ಅನ್ನಿಸುವ ಏರ್ಪಾಡು. ಎಲ್ಲರೂ ಒಂದೇ ಮೊತ್ತವನ್ನು ಹಂಚಿಕೊಳ್ಳುವ ಪಾಲಿಸಿಯಲ್ಲಿ ಒಬ್ಬರು ಆಸ್ಪತ್ರೆ ಸೇರಿದರೆ ಮಿಕ್ಕವರ ಪಾಲು ಕರಗಿಬಿಡುತ್ತದೆ.

"ಬಿಪಿ ಕಾಯಿಲೆನಾ? ದಿನಾ ಒಂದು ಮಾತ್ರೆ, ಅಷ್ಟೇ"

ಇಡೀ ವಿಷಯದಲ್ಲಿ ನಿಧಾನವಾಗಿ ಓದಬೇಕಾದ ಜಾಗ ಇದು.

ಅರ್ಜಿಯಲ್ಲಿ ಒಂದು ಪ್ರಶ್ನೆ ಬರುತ್ತದೆ: ಮೊದಲಿನಿಂದ ಯಾವುದಾದರೂ ಕಾಯಿಲೆ ಇದೆಯೇ? ನಮ್ಮ ಕಡೆ ಹಿರಿಯರು ಬಿಪಿ, ಶುಗರ್, ಥೈರಾಯ್ಡ್‌ಗಳನ್ನು ಕಾಯಿಲೆ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. "ಇಲ್ಲ ಅಂತ ಹಾಕಪ್ಪ, ಸುಮ್ನೆ ಯಾಕೆ ದುಡ್ಡು ಜಾಸ್ತಿ" ಅನ್ನುತ್ತಾರೆ. ಏಜೆಂಟ್ ತುಂಬಿಸಿದರಂತೂ ಕೇಳದೆಯೇ "ಇಲ್ಲ" ಅಂತ ಗುರುತು ಹಾಕಿರುತ್ತಾರೆ. ಪಾಲಿಸಿ ಸಲೀಸಾಗಿ ಬರುತ್ತದೆ, ವೀಸಾನೂ ಬರುತ್ತದೆ.

ಆಮೇಲೆ ಏನಾಗುತ್ತದೆ ನೋಡಿ. ಅಲ್ಲಿನ ಎಮರ್ಜೆನ್ಸಿ ವಾರ್ಡಿನಲ್ಲಿ ಡಾಕ್ಟರ್ ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, ಯಾವ ಮಾತ್ರೆ ತಗೊಳ್ತಿದ್ದೀರಿ ಅಂತ. ಅಮ್ಮ ಚೀಲದಿಂದ ಮಾತ್ರೆ ಡಬ್ಬಿ ತೆಗೆದು ತೋರಿಸುತ್ತಾರೆ. ತೋರಿಸಲೇಬೇಕು, ಅಲ್ವಾ? ಅದು ಕೇಸ್ ಶೀಟಿನಲ್ಲಿ ದಾಖಲಾಗುತ್ತದೆ. ಇನ್ಶೂರೆನ್ಸ್ ಕಂಪನಿ ಕ್ಲೇಮ್ ಬಂದಾಗ ಮೊದಲು ತರಿಸಿಕೊಳ್ಳುವುದು ಅದೇ ಕೇಸ್ ಶೀಟ್. ಅನುಮಾನ ಬಂದರೆ ಊರಿನ ಡಾಕ್ಟರ ಹಳೆಯ ಚೀಟಿಗಳನ್ನೂ ಕೇಳುತ್ತದೆ. ಅರ್ಜಿಯಲ್ಲಿ "ಇಲ್ಲ", ಕೇಸ್ ಶೀಟಿನಲ್ಲಿ "ಎಂಟು ವರ್ಷದಿಂದ ಶುಗರ್". ವಿಷಯ ಮುಚ್ಚಿಟ್ಟಿದ್ದಾರೆ ಅಂತ ಕ್ಲೇಮ್ ತಳ್ಳಿಹಾಕಲು ಕಂಪನಿಗೆ ಇಷ್ಟು ಸಾಕು.

ಆದ್ದರಿಂದ ಎಲ್ಲವನ್ನೂ ಹೇಳಿಬಿಡಿ. ಪ್ರೀಮಿಯಂ ಏರುತ್ತದೆ, ಏರಲಿ. ಒಂದು ಕಂಪನಿ ಆಗುವುದಿಲ್ಲ ಅಂದರೆ ಇನ್ನೊಂದನ್ನು ಕೇಳಿ.

ಹೇಳಿದ ಮೇಲೆ ಪಾಲಿಸಿ ಆ ಕಾಯಿಲೆಯನ್ನು ಹೇಗೆ ನೋಡುತ್ತದೆ ಅನ್ನುವುದು ಮುಂದಿನ ಪ್ರಶ್ನೆ. ಮೂರು ಬಗೆ ಇವೆ. ಕೆಲವು ಪಾಲಿಸಿಗಳು ಮೊದಲಿಂದ ಇರುವ ಕಾಯಿಲೆಗೆ ಏನೂ ಕೊಡುವುದಿಲ್ಲ. ಕೆಲವು ಪ್ರಾಣಕ್ಕೆ ಅಪಾಯ ಇದ್ದಾಗ ಮಾತ್ರ, ಅದೂ ಒಂದು ಮಿತಿಯವರೆಗೆ ಕೊಡುತ್ತವೆ. ಇನ್ನು ಕೆಲವು ಹೆಚ್ಚು ಪ್ರೀಮಿಯಂ ತೆಗೆದುಕೊಂಡು ಇನ್ನಷ್ಟು ವಿಶಾಲವಾಗಿ ಕೊಡುತ್ತವೆ. ಅಪ್ಪನ ಸ್ಟೆಂಟ್ ವಿಷಯದಲ್ಲಿ ಮೊದಲನೆಯ ಬಗೆ ಪೂರಾ ವ್ಯರ್ಥ. ಅವರಿಗೆ ಅಪಾಯ ಇರುವುದೇ ಹೃದಯದಿಂದ, ಆ ಪಾಲಿಸಿ ಬಿಟ್ಟಿರುವುದೂ ಅದನ್ನೇ. ಎರಡನೆಯದಾದರೆ ಮಿತಿ ಎಷ್ಟು ಅಂತ ನೋಡಿ. ಒಟ್ಟು ಮೊತ್ತ ಒಂದು ಲಕ್ಷ ಡಾಲರ್ ಇದ್ದರೂ ಹಳೆಯ ಕಾಯಿಲೆಗೆ ಅದರ ಒಂದು ಚೂರು ಮಾತ್ರ ಇಟ್ಟಿರಬಹುದು.

ಹೊರಡುವ ಮೊದಲು ಡಾಕ್ಟರ ಹತ್ತಿರ ಹೋಗಿ, ಪ್ರಯಾಣ ಮಾಡಬಹುದು ಅಂತ ಒಂದು ಪತ್ರ ಬರೆಸಿಕೊಳ್ಳಿ. ಡಾಕ್ಟರ್ ಬೇಡ ಅಂದ ಮೇಲೂ ಹೋದರೆ ಪಾಲಿಸಿ ಕೆಲಸಕ್ಕೆ ಬರುವುದಿಲ್ಲ. ಸ್ವಿಟ್ಜರ್ಲೆಂಡಿನ ಯುಂಗ್‌ಫ್ರಾವ್‌ಯೋಖ್ ರೈಲು ನಿಲ್ದಾಣ ಇರುವುದು 3,454 ಮೀಟರ್ ಎತ್ತರದಲ್ಲಿ. ಸ್ಟೆಂಟ್ ಇರುವವರು ಅಲ್ಲಿಗೆ ಹೋಗಬಹುದೇ ಅಂತಲೂ ಅದೇ ಭೇಟಿಯಲ್ಲಿ ಕೇಳಿಬಿಡಿ.

ಒಳಗಿನ ಮಿತಿಗಳು

ದೊಡ್ಡ ಅಕ್ಷರದಲ್ಲಿ ಮುದ್ರಿಸಿದ ಮೊತ್ತದ ಕೆಳಗೆ ಒಂದು ಕೋಷ್ಟಕ ಇರುತ್ತದೆ. ಅರವತ್ತು ದಾಟಿದವರಿಗೆ ರೂಮ್ ಬಾಡಿಗೆ ದಿನಕ್ಕೆ ಇಷ್ಟು, ಐಸಿಯು ದಿನಕ್ಕೆ ಇಷ್ಟು, ಸರ್ಜನ್ ಫೀ ಇಷ್ಟು ಅಂತ ಬೇರೆ ಬೇರೆ ಮಿತಿ. ಇದನ್ನೇ ಸಬ್‌ಲಿಮಿಟ್ ಅನ್ನುವುದು. ಒಂದು ಲೆಕ್ಕ ಹಾಕೋಣ. ಇದು ಉದಾಹರಣೆಯ ಅಂಕಿ ಮಾತ್ರ. ಐಸಿಯು ಮಿತಿ ದಿನಕ್ಕೆ 1,500 ಡಾಲರ್. ಆಸ್ಪತ್ರೆಯ ದರ 4,000 ಡಾಲರ್. ಐದು ದಿನಕ್ಕೆ ಬಿಲ್ 20,000 ಡಾಲರ್. ಕಂಪನಿ ಕೊಡುವುದು 7,500. ಉಳಿದ 12,500 ಡಾಲರ್, ಅಂದರೆ ಹತ್ತು ಲಕ್ಷ ರೂಪಾಯಿಗೂ ಮಿಗಿಲು, ಮಗನ ಜೇಬಿನಿಂದ. ಪಾಲಿಸಿ ಮೊತ್ತ ಮಾತ್ರ ಒಂದು ಲಕ್ಷ ಡಾಲರ್!

ಸಬ್‌ಲಿಮಿಟ್ ಇಲ್ಲದ ಪಾಲಿಸಿಗೆ ಪ್ರೀಮಿಯಂ ಜಾಸ್ತಿ. ಹಿರಿಯರಿಗೆ ಅದನ್ನೇ ಹುಡುಕಿ. ಸಬ್‌ಲಿಮಿಟ್ ಇರುವ ಐದು ಲಕ್ಷ ಡಾಲರಿನ ಪಾಲಿಸಿಗಿಂತ ಸಬ್‌ಲಿಮಿಟ್ ಇಲ್ಲದ ಒಂದು ಲಕ್ಷದ ಪಾಲಿಸಿ ಎಷ್ಟೋ ಮೇಲು.

ಡಿಡಕ್ಟಿಬಲ್ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ಪ್ರತಿ ಕ್ಲೇಮಿನಲ್ಲಿ ಮೊದಲ 50 ಅಥವಾ 100 ಡಾಲರ್ ನೀವು ಹಾಕಬೇಕು ಅಂತ ಇದ್ದರೆ ಪರವಾಗಿಲ್ಲ. ನೆಗಡಿ ಜ್ವರದ ಬಿಲ್ಲು ನಮ್ಮ ಕೈಯಿಂದಲೇ ಹೋಗುತ್ತದೆ, ಅಷ್ಟೇ.

ಲಗೇಜು, ವಿಳಂಬ, ರದ್ದು

ಪಾಲಿಸಿ ಮಾರುವವರು ಹೆಚ್ಚು ಬಣ್ಣಿಸುವುದು ಇದನ್ನೇ. ಲಗೇಜ್ ಕಳೆದರೆ ಇಷ್ಟು, ತಡವಾದರೆ ಇಷ್ಟು. ಒಳಗೆ ನೋಡಿದರೆ ಚೆಕ್‌ಇನ್ ಮಾಡಿದ ಇಡೀ ಬ್ಯಾಗ್ ಕಳೆದರೆ ಮಾತ್ರ, ಚಿನ್ನ, ನಗದು, ಲ್ಯಾಪ್‌ಟಾಪ್ ಇವಕ್ಕೆ ಇಲ್ಲ, ತಡವಾದ ಬ್ಯಾಗಿಗೆ ಹನ್ನೆರಡು ಗಂಟೆ ಕಾದ ಮೇಲೆ, ಊರಿಗೆ ವಾಪಸ್ ಬರುವಾಗಿನ ವಿಳಂಬಕ್ಕೆ ಬಹಳ ಕಡೆ ಇಲ್ಲವೇ ಇಲ್ಲ. ಇದಕ್ಕಾಗಿ ಮೇಲಿನ ದರ್ಜೆಯ ಪಾಲಿಸಿ ಕೊಳ್ಳುವುದು ಮೂಗಿಗಿಂತ ಮೂಗುತಿ ಭಾರ ಆದ ಹಾಗೆ.

ವಿಮಾನ ಕಂಪನಿಗೇ ಇಲ್ಲಿ ಹೊಣೆ ಇದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಲಗೇಜಿಗೆ ಒಬ್ಬ ಪ್ರಯಾಣಿಕರಿಗೆ ಗರಿಷ್ಠ ಹೊಣೆ 2024ರ ಡಿಸೆಂಬರ್ 28ರಿಂದ 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ). ಇದು ಒಂದೂವರೆ ಲಕ್ಷ ರೂಪಾಯಿಗೂ ಹೆಚ್ಚು. ಬ್ಯಾಗ್ ಬೆಲ್ಟಿನ ಮೇಲೆ ಬರಲಿಲ್ಲ ಅಂದರೆ ವಿಮಾನ ನಿಲ್ದಾಣ ಬಿಡುವ ಮೊದಲೇ ಕೌಂಟರಿನಲ್ಲಿ ಪಿಐಆರ್ ಅನ್ನುವ ವರದಿ ಬರೆಸಿ. ಬ್ಯಾಗ್ ಹಾಳಾಗಿದ್ದರೆ 7 ದಿನದೊಳಗೆ, ತಡವಾಗಿ ಬಂದಿದ್ದರೆ ಕೈಗೆ ಸಿಕ್ಕ 21 ದಿನದೊಳಗೆ ಬರಹದಲ್ಲಿ ದೂರು ಕೊಡಬೇಕು. ಇನ್ಶೂರೆನ್ಸ್ ಕ್ಲೇಮಿಗೂ ಆ ಪಿಐಆರ್ ಬೇಕೇ ಬೇಕು.

ಪ್ರವಾಸ ರದ್ದಾದರೆ ಹಣ ಬರುತ್ತದೆ ಅನ್ನುವುದೂ ಅರ್ಧ ಸತ್ಯ. ಪಾಲಿಸಿಯಲ್ಲಿ ಪಟ್ಟಿ ಮಾಡಿದ ಕಾರಣಗಳಿಗೆ ಮಾತ್ರ: ಮನೆಯವರ ಸಾವು, ಗಂಭೀರ ಕಾಯಿಲೆ, ಇಂಥವು. ಆಫೀಸಿನಲ್ಲಿ ರಜೆ ಸಿಗಲಿಲ್ಲ, ಮನಸ್ಸು ಬದಲಾಯಿತು ಅಂದರೆ ಇಲ್ಲ. ವೀಸಾ ನಿರಾಕರಣೆಗೆ ಬೇರೆ ಸೌಲಭ್ಯ ಕೊಂಡಿರದಿದ್ದರೆ ಟಿಕೆಟ್, ಹೋಟೆಲಿನ ಹಣ ಬರುವುದಿಲ್ಲ. ಆದರೆ ಪಾಲಿಸಿ ಶುರುವಾಗುವ ಮೊದಲೇ ನಿರಾಕರಣೆಯ ಪತ್ರ ತೋರಿಸಿದರೆ ಪ್ರೀಮಿಯಂ ವಾಪಸ್ ಕೊಡುವ ಕಂಪನಿಗಳಿವೆ. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ವಿಮಾನಗಳು ದಿಢೀರನೆ ನಿಂತಾಗ ಟಿಕೆಟ್ ಕೊಂಡವರು ಕೈ ಕೈ ಹಿಸುಕಿಕೊಂಡದ್ದು ನೆನಪಿದೆಯಲ್ಲ. ವಿಮಾನ ಕಂಪನಿ ದಿವಾಳಿಯಾದರೆ ಕೊಡುತ್ತೀರಾ ಅಂತ ಕೇಳಿ. 2025ರ ಜೂನ್ 23ರಂದು ಕತಾರ್ ತನ್ನ ವಾಯುಪ್ರದೇಶವನ್ನೇ ಮುಚ್ಚಿತ್ತು. ದೋಹಾ ಮೂಲಕ ಹೋಗುವವರು ಯುದ್ಧದ ಕಾರಣದ ವಿಳಂಬಕ್ಕೆ ರಕ್ಷಣೆ ಇದೆಯೇ ಅಂತಲೂ ನೋಡಬೇಕು. ಬಹುಪಾಲು ಪಾಲಿಸಿಗಳು ಯುದ್ಧವನ್ನು ಹೊರಗಿಟ್ಟಿರುತ್ತವೆ.

ಸಾಹಸ, ಎತ್ತರ, ಸ್ಕೂಟರ್

ಇಂಟರ್‌ಲಾಕೆನ್‌ನಲ್ಲಿ ಪ್ಯಾರಾಗ್ಲೈಡಿಂಗ್, ಬಾಲಿಯಲ್ಲಿ ಸ್ಕೂಬಾ, ಪಟ್ಟಾಯದಲ್ಲಿ ಪ್ಯಾರಾಸೇಲಿಂಗ್. ಸಾಮಾನ್ಯ ಪಾಲಿಸಿಗಳಲ್ಲಿ ಇವು ಸೇರಿರುವುದಿಲ್ಲ, ಸಾಹಸ ಕ್ರೀಡೆಯ ಸೌಲಭ್ಯವನ್ನು ಬೇರೆ ಕೊಳ್ಳಬೇಕು. ಥಾಯ್ಲೆಂಡಿನಲ್ಲಿ ಸ್ಕೂಟರ್ ಬಾಡಿಗೆಗೆ ತೆಗೆದುಕೊಳ್ಳುವವರು ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ, ಅದರಲ್ಲಿ ದ್ವಿಚಕ್ರ ವಾಹನಕ್ಕೂ ಅನುಮತಿ ಇರಲಿ. ಪರವಾನಗಿ ಇಲ್ಲದೆ ಬಿದ್ದರೆ ಅಥವಾ ಕುಡಿದು ಬಿದ್ದರೆ ಕ್ಲೇಮ್ ಇಲ್ಲ.

ನೇಪಾಳದ ಮುಕ್ತಿನಾಥ, ಕೈಲಾಸ ಮಾನಸ ಸರೋವರಕ್ಕೆ ಹೋಗುವ ನಮ್ಮ ಕಡೆಯ ಹಿರಿಯರು ಎತ್ತರದ ಮಿತಿಯನ್ನು ನೋಡಲೇಬೇಕು. ಇಂತಿಷ್ಟು ಮೀಟರ್ ಮೇಲೆ ರಕ್ಷಣೆ ಇಲ್ಲ ಅಂತ ಎಷ್ಟೋ ಪಾಲಿಸಿಗಳಲ್ಲಿ ಬರೆದಿರುತ್ತದೆ. ಕೈಲಾಸ ಪರಿಕ್ರಮದ ಡೋಲ್ಮಾ ಲಾ ಕಣಿವೆ ದಾರಿ 5,600 ಮೀಟರಿಗೂ ಮೇಲಿದೆ. ಹೆಲಿಕಾಪ್ಟರಿನಲ್ಲಿ ಕೆಳಗಿಳಿಸುವ ಖರ್ಚು ಸೇರಿದೆಯೇ ಅಂತಲೂ ಕೇಳಿ. ನೇಪಾಳದಲ್ಲಿ ಅಗತ್ಯವೇ ಇಲ್ಲದೆ ಹೆಲಿಕಾಪ್ಟರ್ ತರಿಸಿ ವಿಮೆಯ ಹಣ ಹೊಡೆಯುವ ಜಾಲ 2018ರಲ್ಲಿ ಬಯಲಾದ ಮೇಲೆ ಕಂಪನಿಗಳು ಇಂಥ ಕ್ಲೇಮುಗಳನ್ನು ಬಿಗಿಯಾಗಿ ನೋಡುತ್ತವೆ. ಮೊದಲೇ ಫೋನ್ ಮಾಡಿ ಒಪ್ಪಿಗೆ ಪಡೆಯುವುದು ಒಳ್ಳೆಯದು.

ದೇಶದೊಳಗಿನ ಪ್ರವಾಸಕ್ಕೆ ಇಷ್ಟೆಲ್ಲ ತಲೆನೋವು ಬೇಡ, ನಿಮ್ಮ ಹೆಲ್ತ್ ಪಾಲಿಸಿಯೇ ನಡೆಯುತ್ತದೆ. ಐಆರ್‌ಸಿಟಿಸಿಯಲ್ಲಿ ರೈಲು ಟಿಕೆಟ್ ಮಾಡುವಾಗ 45 ಪೈಸೆಯ ವಿಮೆ ಕೇಳುತ್ತದಲ್ಲ, ಅದಕ್ಕೆ ಹೂಂ ಅನ್ನಿ. ರೈಲು ಅಪಘಾತದಲ್ಲಿ ಸಾವಾದರೆ 10 ಲಕ್ಷ ರೂಪಾಯಿ. ಆಮೇಲೆ ಬರುವ ಲಿಂಕಿನಲ್ಲಿ ನಾಮಿನಿ ಹೆಸರು ತುಂಬಲು ಮರೆಯಬೇಡಿ. ಹೆಚ್ಚಿನವರು ಅಲ್ಲಿಗೇ ಬಿಟ್ಟಿರುತ್ತಾರೆ.

ಕೊಳ್ಳುವಾಗ, ಹೊರಡುವಾಗ

ಹೋಲಿಕೆ ಮಾಡುವ ವೆಬ್‌ಸೈಟುಗಳಲ್ಲಿ ಪ್ರೀಮಿಯಂ ನೋಡಿ, ಆದರೆ ಅಲ್ಲೇ ತೀರ್ಮಾನ ಮಾಡಬೇಡಿ. ಎರಡು ಮೂರು ಪಾಲಿಸಿ ಆರಿಸಿ, ಆಯಾ ಕಂಪನಿಯ ವೆಬ್‌ಸೈಟಿನಿಂದ ಷರತ್ತುಗಳ ಪೂರ್ತಿ ದಾಖಲೆ ಇಳಿಸಿಕೊಳ್ಳಿ. ಇಡೀ ಪುಸ್ತಕ ಓದುವ ತಾಳ್ಮೆ ಯಾರಿಗೂ ಇರುವುದಿಲ್ಲ. ಹಳೆಯ ಕಾಯಿಲೆ, ವಯಸ್ಸಿನ ಸಬ್‌ಲಿಮಿಟ್, ಯಾವುದಕ್ಕೆ ಇಲ್ಲ ಅನ್ನುವ ಪಟ್ಟಿ, ಈ ಮೂರು ಭಾಗ ಓದಿದರೆ ಆಯಿತು. ಪಾಲಿಸಿಯನ್ನು ಭಾರತ ಬಿಡುವ ಮೊದಲೇ ಕೊಳ್ಳಬೇಕು. ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಇರಲಿ. ನಮ್ಮಲ್ಲಿ ಇನಿಷಿಯಲ್ ಬಿಡಿಸಿ ಬರೆದದ್ದು, ಬಿಡಿಸದೆ ಬರೆದದ್ದು ಅಂತ ಸದಾ ಗೊಂದಲ.

ಪಾಲಿಸಿಯಲ್ಲಿ 24 ಗಂಟೆಯ ಸಹಾಯವಾಣಿ ನಂಬರ್ ಇರುತ್ತದೆ. ಭಾರತದ 1800 ನಂಬರಿಗೆ ವಿದೇಶದಿಂದ ಕರೆ ಹೋಗದೇ ಇರಬಹುದು. ವಿದೇಶದಿಂದ ಮಾಡಬಹುದಾದ ನಂಬರನ್ನು ದೇಶದ ಕೋಡ್ ಸಮೇತ ಎಲ್ಲರ ಫೋನಿನಲ್ಲೂ ಹಾಕಿಡಿ, ಅಪ್ಪ ಅಮ್ಮನ ಫೋನಿನಲ್ಲೂ. ಒಂದು ಪ್ರಿಂಟ್ ಅವರ ಮಾತ್ರೆ ಚೀಲದಲ್ಲಿರಲಿ. ಮಾತ್ರೆಗಳ ಹೆಸರನ್ನು ಕಂಪನಿಯ ಬ್ರ್ಯಾಂಡಿನಲ್ಲಲ್ಲ, ಔಷಧದ ಮೂಲ ಹೆಸರಿನಲ್ಲಿ ಬರೆಸಿಕೊಳ್ಳಿ. ನಮ್ಮ ಬ್ರ್ಯಾಂಡುಗಳು ಅಲ್ಲಿನ ಡಾಕ್ಟರಿಗೆ ಗೊತ್ತಿರುವುದಿಲ್ಲ.

ಅಲ್ಲಿ ಏನಾದರೂ ಆದರೆ ಮೊದಲು 112ಕ್ಕೆ ಫೋನ್, ಯುರೋಪಿನ ತುರ್ತು ನಂಬರ್ ಅದು. ರೋಗಿ ಆಸ್ಪತ್ರೆ ತಲುಪಿದ ಮೇಲೆ ತಡಮಾಡದೆ ಸಹಾಯವಾಣಿಗೆ. ಕ್ಯಾಶ್‌ಲೆಸ್ ಬೇಕಾದರೆ ಅವರೇ ಆಸ್ಪತ್ರೆಯ ಜೊತೆ ಮಾತಾಡಬೇಕು. ಕೊಟ್ಟ ಕೇಸ್ ನಂಬರ್, ಮಾತಾಡಿದವರ ಹೆಸರು, ಸಮಯ ಬರೆದಿಟ್ಟುಕೊಳ್ಳಿ. ಹೊರರೋಗಿಯಾಗಿ ತೋರಿಸಿದ ಸಣ್ಣ ಬಿಲ್ಲುಗಳಿಗೆ ಸಾಮಾನ್ಯವಾಗಿ ಮೊದಲು ನಾವೇ ಕೊಟ್ಟು ಆಮೇಲೆ ಪಡೆಯಬೇಕು. ಬಿಲ್, ಹಣ ಕೊಟ್ಟ ರಸೀದಿ, ಡಾಕ್ಟರ ವರದಿ ಮೂರೂ ಬೇಕು. ವಸ್ತು ಕಳುವಾದರೆ ಅಲ್ಲಿನ ಪೊಲೀಸ್ ದೂರಿನ ಪ್ರತಿ. ಬೋರ್ಡಿಂಗ್ ಪಾಸ್ ಬಿಸಾಡಬೇಡಿ. 2025ರ ಅಕ್ಟೋಬರ್‌ನಿಂದ ಷೆಂಗೆನ್ ಗಡಿಗಳಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಕಂಪ್ಯೂಟರಿನಲ್ಲೇ ದಾಖಲಿಸುವ ವ್ಯವಸ್ಥೆ ಹಂತಹಂತವಾಗಿ ಬಂದಿದೆ. ಯಾವ ದಿನ ಒಳಗೆ ಹೋದಿರಿ ಅನ್ನುವುದಕ್ಕೆ ನಿಮ್ಮ ಕೈಯಲ್ಲಿರುವ ಗುರುತು ಬೋರ್ಡಿಂಗ್ ಪಾಸೇ.

ಕ್ಲೇಮ್ ತಿರಸ್ಕಾರವಾದರೆ ಪಾಲಿಸಿಯ ಯಾವ ಷರತ್ತಿನ ಪ್ರಕಾರ ಅಂತ ಬರಹದಲ್ಲಿ ಕೇಳಿ. ಮೊದಲ ದೂರು ಕಂಪನಿಯ ಕುಂದುಕೊರತೆ ಅಧಿಕಾರಿಗೆ. ವಿಮಾ ನಿಯಂತ್ರಕ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ಹಾಕಬಹುದು. ಒಂದು ತಿಂಗಳಾದರೂ ಉತ್ತರ ಬರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಓಂಬುಡ್ಸ್‌ಮನ್ (ವಿಮೆಯ ದೂರುಗಳನ್ನು ಕೇಳಿ ತೀರ್ಮಾನಿಸುವ ಅಧಿಕಾರಿ) ಬಳಿ ಹೋಗಬಹುದು. ಕರ್ನಾಟಕದವರಿಗೆ ಆ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ಕಂಪನಿಯ ಕೊನೆಯ ಉತ್ತರ ಬಂದ ಲಕೋಟೆ ಅಥವಾ ಇಮೇಲನ್ನು ದಿನಾಂಕ ಸಮೇತ ಇಟ್ಟುಕೊಳ್ಳಿ, ಒಂದು ವರ್ಷದ ಗಡುವನ್ನು ಅಲ್ಲಿಂದಲೇ ಎಣಿಸುತ್ತಾರೆ.